ಜೊಟೆರೊದಲ್ಲಿ ಕನ್ನಡ ಗ್ರಂಥಸೂಚಿ: ಡೇಟಾಬೇಸ್ ತೆರೆಯುತ್ತಿಲ್ಲ, ಇಸವಿ ಬರುತ್ತಿಲ್ಲ, ಒಬ್ಬರೇ ಲೇಖಕರು ಇಬ್ಬರಾಗಿದ್ದಾರೆ

ಶಾಲ್ಮಲಾ:
ಎಲ್ಲರಿಗೂ ನಮಸ್ಕಾರ. ಹೊಯ್ಸಳರ ಕಾಲದ ದಾನಶಾಸನಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಆಕರಗಳನ್ನೆಲ್ಲ ಗ್ರಂಥಸೂಚಿ ನಿರ್ವಹಿಸುವ ತಂತ್ರಾಂಶವಾದ ಜೊಟೆರೊ 7ರಲ್ಲಿ ಇಟ್ಟಿದ್ದೇನೆ. ಸಾವಿರದ ಮೇಲೆ ನಮೂದುಗಳಿವೆ, ಮುಕ್ಕಾಲು ಪಾಲು ಕನ್ನಡದವು. ನಿನ್ನೆಯಿಂದ ತೆರೆಯಲು ಹೋದರೆ ಡೇಟಾಬೇಸ್ ಹಾಳಾಗಿದೆ ಎಂಬ ಸಂದೇಶ ಬಂದು ಅಲ್ಲೇ ನಿಲ್ಲುತ್ತದೆ. ವಿಭಾಗದ ಕಂಪ್ಯೂಟರ್‌ನಲ್ಲಿ ಡೇಟಾ ಫೋಲ್ಡರನ್ನು ಮೊದಲಿನಿಂದಲೂ ಒಂದು ಕ್ಲೌಡ್ ಫೋಲ್ಡರಿನ ಒಳಗೇ ಹೊಂದಿಸಿಟ್ಟಿದ್ದರು. ಮನೆಯ ಲ್ಯಾಪ್‌ಟಾಪ್‌ನಲ್ಲೂ ಅದೇ ಫೋಲ್ಡರ್ ತೆರೆಯುತ್ತದೆ.

ಇದು ಸರಿಹೋದರೂ ಹಳೆಯ ತೊಂದರೆಗಳು ಬಾಕಿ ಇವೆ. ವರ್ಡ್‌ನಲ್ಲಿ ಗ್ರಂಥಸೂಚಿ ಹಾಕಿದರೆ ಒಬ್ಬರೇ ಲೇಖಕರು ಎರಡು ಕಡೆ ಬೇರೆ ಬೇರೆಯವರಂತೆ ಬರುತ್ತಾರೆ. ಹೆಸರೂ ಇನಿಷಿಯಲ್ಲೂ ನಡುವೆ ಜಾಗವಿಲ್ಲದೆ ಅಂಟಿಕೊಳ್ಳುತ್ತವೆ. ಕೆಲವು ಪುಸ್ತಕಗಳಿಗೆ ಇಸವಿಯೇ ಬರುವುದಿಲ್ಲ. ‘ವರ್ಡ್‌ನಲ್ಲಿ ಕೈಯಿಂದಲೇ ತಿದ್ದಿಬಿಡಿ’ ಅನ್ನುತ್ತಾರೆ ಎಲ್ಲರೂ. ಆದರೆ ಒಮ್ಮೆ ರಿಫ್ರೆಶ್ ಒತ್ತಿದರೆ ತಿದ್ದಿದ್ದೆಲ್ಲ ಹೋಗಿ ಹಳೆಯದೇ ಬಂದು ಕೂರುತ್ತದೆ. ಪ್ರಬಂಧ ಸಲ್ಲಿಸುವ ದಿನ ಹತ್ತಿರ ಬಂದಿದೆ. ದಯವಿಟ್ಟು ದಾರಿ ತೋರಿಸ್ರಿ.

ತುಂಗಾತೀರ:
ಮೊದಲು ಡೇಟಾಬೇಸ್ ನೋಡೋಣ, ಉಳಿದದ್ದು ಆಮೇಲೆ. ಏನನ್ನೂ ಅಳಿಸಬೇಡಿ, ಮತ್ತೆ ಇನ್‌ಸ್ಟಾಲ್ ಮಾಡಲೂ ಹೋಗಬೇಡಿ. ಎರಡೂ ಕಂಪ್ಯೂಟರ್‌ಗಳಲ್ಲಿ ಜೊಟೆರೊ ಮುಚ್ಚಿ. ಕ್ಲೌಡ್ ತಂತ್ರಾಂಶದ ಸಿಂಕ್ ನಿಲ್ಲಿಸಿ. ಆಮೇಲೆ ಇಡೀ ಡೇಟಾ ಫೋಲ್ಡರನ್ನು ಒಂದು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಇನ್ನು ಮುಂದಿನ ಪ್ರಯೋಗವೆಲ್ಲ ಆ ನಕಲಿನ ಮೇಲೆ.

ಹೀಗೇಕಾಗುತ್ತದೆ ಅಂದರೆ, ಜೊಟೆರೊ ನಿಮ್ಮ ನಮೂದುಗಳನ್ನೆಲ್ಲ ‘ಜೊಟೆರೊ ಡಾಟ್ ಎಸ್‌ಕ್ಯೂಲೈಟ್’ ಎಂಬ ಒಂದೇ ಫೈಲಿನಲ್ಲಿ ಇಡುತ್ತದೆ. ಏನಾದರೂ ಬರೆಯುವಾಗ ಪಕ್ಕದಲ್ಲೇ ‘ಜರ್ನಲ್’ ಎಂಬ ತಾತ್ಕಾಲಿಕ ಫೈಲ್ ಹುಟ್ಟುತ್ತದೆ. ಬರವಣಿಗೆ ನಡುವೆ ಕರೆಂಟ್ ಹೋದರೆ ಹಿಂದಿನ ಸ್ಥಿತಿಗೆ ಮರಳಲು ಬೇಕಾದದ್ದು ಅದರಲ್ಲಿ ಇರುತ್ತದೆ. ಈ ಎರಡು ಫೈಲು ಯಾವಾಗಲೂ ಜೊತೆಯಾಗಿರಬೇಕು. ಕ್ಲೌಡ್ ಸಿಂಕ್‌ಗೆ ಈ ಸಂಬಂಧ ಗೊತ್ತಿಲ್ಲ. ಒಂದನ್ನು ಈ ಕ್ಷಣದಲ್ಲಿ, ಇನ್ನೊಂದನ್ನು ಸ್ವಲ್ಪ ಹೊತ್ತಿನ ಮೇಲೆ ಮೇಲಕ್ಕೆ ಕಳಿಸುತ್ತದೆ. ಎರಡು ಕಂಪ್ಯೂಟರ್‌ಗಳಲ್ಲಿ ಒಟ್ಟಿಗೆ ತೆರೆದಿದ್ದರಂತೂ ಅರ್ಧ ಇಲ್ಲಿನದು, ಅರ್ಧ ಅಲ್ಲಿನದು ಸೇರಿ ಫೈಲು ಕೆಡುತ್ತದೆ. ಡೇಟಾ ಫೋಲ್ಡರನ್ನು ಕ್ಲೌಡ್ ಫೋಲ್ಡರಿನಲ್ಲಿ ಇಡಬೇಡಿ ಎಂದು ಜೊಟೆರೊದವರು ಸ್ಪಷ್ಟವಾಗಿ ಹೇಳುವುದು ಇದೇ ಕಾರಣಕ್ಕೆ.

ಈಗ ನಕಲಿನೊಳಗೆ ನೋಡಿ. ಅದೇ ಹೆಸರಿಗೆ ‘ಬಿಎಕೆ’ ಎಂಬ ಬಾಲವಿರುವ ಫೈಲ್ ಇರಬೇಕು. ಅದು ಜೊಟೆರೊ ತಾನೇ ಆಗಾಗ ಮಾಡಿಟ್ಟುಕೊಳ್ಳುವ ಬ್ಯಾಕಪ್. ‘ಕಾನ್‌ಫ್ಲಿಕ್ಟೆಡ್ ಕಾಪಿ’ ಅಂತಲೋ ಕಂಪ್ಯೂಟರಿನ ಹೆಸರು ಸೇರಿಕೊಂಡೋ ಇನ್ನೊಂದು ಫೈಲು ಇದ್ದರೂ ಇರಬಹುದು. ಎಲ್ಲದರ ಗಾತ್ರ ಮತ್ತು ಕೊನೆಯ ತಿದ್ದುಪಡಿಯ ದಿನಾಂಕವನ್ನು ಇಲ್ಲಿ ಬರೆಯಿರಿ.

ಶಾಲ್ಮಲಾ:
ಸರ್, ನೋಡಿದೆ. ಮುಖ್ಯ ಫೈಲ್ ನಿನ್ನೆಯದು. ಬಿಎಕೆ ಅದಕ್ಕಿಂತ ಒಂದು ದಿನ ಹಳೆಯದು, ಗಾತ್ರ ಹೆಚ್ಚುಕಡಿಮೆ ಅಷ್ಟೇ. ಕಾನ್‌ಫ್ಲಿಕ್ಟ್ ಪ್ರತಿ ಒಂದಿದೆ, ಆದರೆ ಅದು ತೀರಾ ಚಿಕ್ಕದು. ಪಿಡಿಎಫ್‌ಗಳು ‘ಸ್ಟೋರೇಜ್’ ಫೋಲ್ಡರಿನಲ್ಲಿ ಎಂಟೆಂಟು ಅಕ್ಷರದ ಹೆಸರಿನ ಫೋಲ್ಡರುಗಳಲ್ಲಿ ಹಾಗೇ ಇವೆ.

ತುಂಗಾತೀರ:
ಹಾಗಿದ್ದರೆ ಭಯ ಬೇಡ. ಆ ಫೋಲ್ಡರುಗಳ ಹೆಸರು ಮಾತ್ರ ಬದಲಾಯಿಸಬೇಡಿ. ಯಾವ ಪಿಡಿಎಫ್ ಯಾವ ನಮೂದಿನದು ಎಂದು ಡೇಟಾಬೇಸ್ ಗುರುತಿಸುವುದು ಆ ಹೆಸರಿನಿಂದಲೇ.

ಡೇಟಾ ಫೋಲ್ಡರನ್ನು ಕ್ಲೌಡ್‌ನಿಂದ ಹೊರತೆಗೆದು ನಿಮ್ಮ ಬಳಕೆದಾರ ಫೋಲ್ಡರಿನೊಳಗೆ ‘ಜೊಟೆರೊ’ ಎಂಬ ಹೆಸರಿನಲ್ಲಿ ಇಡಿ. ಕೆಟ್ಟ ಮುಖ್ಯ ಫೈಲಿಗೆ ಬೇರೆ ಹೆಸರು ಕೊಡಿ. ಜರ್ನಲ್ ಫೈಲ್ ಇದ್ದರೆ ಅದನ್ನೂ ಪಕ್ಕಕ್ಕೆ ಸರಿಸಿ, ಇಲ್ಲದಿದ್ದರೆ ಹಳೆಯ ಜರ್ನಲ್ ಹೊಸ ಡೇಟಾಬೇಸಿಗೆ ತಗುಲಿಕೊಳ್ಳುತ್ತದೆ. ಬಿಎಕೆ ಫೈಲಿನ ನಕಲು ತೆಗೆದು ಅದಕ್ಕೆ ಮುಖ್ಯ ಫೈಲಿನ ಹೆಸರು ಕೊಡಿ. ತೆರೆದ ಮೇಲೆ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ ಡೇಟಾ ಡೈರೆಕ್ಟರಿ ಈ ಹೊಸ ಜಾಗವನ್ನೇ ತೋರಿಸುತ್ತಿದೆಯೇ ನೋಡಿ, ಅಲ್ಲೇ ಇರುವ ಡೇಟಾಬೇಸ್ ಪರೀಕ್ಷೆಯ ಬಟನ್ ಒತ್ತಿ. ಬಿಎಕೆ ಕೂಡ ಕೆಟ್ಟಿದ್ದರೆ ಜೊಟೆರೊ ತಾಣದಲ್ಲಿ ಡೇಟಾಬೇಸ್ ದುರಸ್ತಿಯ ಸಾಧನವಿದೆ, ಫೈಲನ್ನು ಅಲ್ಲಿ ಏರಿಸಿ ನೋಡಬಹುದು.

ಮುಂದಕ್ಕೆ ಎರಡು ಕಂಪ್ಯೂಟರ್ ಬೇಕೆಂದರೆ ಜೊಟೆರೊದ ಸ್ವಂತ ಸಿಂಕ್ ಬಳಸಿ. ನಮೂದುಗಳ ಸಿಂಕ್‌ಗೆ ದುಡ್ಡು ಕೊಡಬೇಕಿಲ್ಲ. ಪಿಡಿಎಫ್‌ಗಳಿಗೆ ಉಚಿತವಾಗಿ ಸಿಗುವುದು 300 ಎಂಬಿ. ಸ್ಕ್ಯಾನ್ ಮಾಡಿದ ಶಾಸನ ಸಂಪುಟಗಳು ಒಂದೊಂದೂ ದೊಡ್ಡವಾದ್ದರಿಂದ ಅದು ಸಾಲುವುದಿಲ್ಲ. ಅಂಥವನ್ನು ‘ಲಿಂಕ್ಡ್ ಫೈಲ್’ (ಫೈಲು ಹೊರಗೇ ಇದ್ದು, ಜೊಟೆರೊದಲ್ಲಿ ಅದರ ಕೊಂಡಿ ಮಾತ್ರ) ಮಾಡಿ ಕ್ಲೌಡ್‌ನಲ್ಲೇ ಇಡಬಹುದು, ಪಿಡಿಎಫ್ ಅಲ್ಲಿದ್ದರೆ ತೊಂದರೆ ಇಲ್ಲ. ಎಸ್‌ಕ್ಯೂಲೈಟ್ ಫೈಲ್ ಅಲ್ಲಿರಬಾರದು, ಅಷ್ಟೇ.

ಶಾಲ್ಮಲಾ:
ತೆರೆಯಿತು ಸರ್! ಪರೀಕ್ಷೆಯಲ್ಲೂ ದೋಷವಿಲ್ಲ ಎಂದು ಬಂತು. ಕೊನೆಯ ದಿನ ಸೇರಿಸಿದ ನಾಲ್ಕಾರು ನಮೂದು ಮಾತ್ರ ಇಲ್ಲ, ಅವನ್ನು ಮತ್ತೆ ಹಾಕಿಕೊಳ್ಳುತ್ತೇನೆ. ತುಂಬಾ ಧನ್ಯವಾದ. ಈಗ ಆ ಇಬ್ಬರಾದ ಲೇಖಕರ ಕತೆ ನೋಡಬೇಕು.

ಪುಟಸಂಖ್ಯೆ:
ನಾನೊಂದು ಸಂಶೋಧನ ಪತ್ರಿಕೆಯ ಸಂಪಾದನೆಯಲ್ಲಿ ಕೆಲಸ ಮಾಡುತ್ತೇನೆ. ನಮಗೆ ಬರುವ ಲೇಖನಗಳಲ್ಲಿ ಈ ತೊಂದರೆ ದಿನಾ ನೋಡುತ್ತೇನೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಕಣ್ಣಿಗೆ ಒಂದೇ ಥರ ಕಾಣುವ ಎರಡು ಕನ್ನಡ ಪದಗಳು ಕಂಪ್ಯೂಟರಿಗೆ ಬೇರೆ ಬೇರೆ ಆಗಿರಬಹುದು. ಇದಕ್ಕೆ ಸಾಮಾನ್ಯವಾಗಿ ಮೂರು ಕಾರಣ.

ಎಲ್ಲಕ್ಕಿಂತ ಹೆಚ್ಚು ಕಾಣುವುದು ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ. ‘ಸಂಪುಟ’ ಮತ್ತು ‘ಸ೦ಪುಟ’ ಎರಡನ್ನೂ ಹತ್ತಿರದಿಂದ ನೋಡಿ. ಎರಡನೆಯದರಲ್ಲಿ ಇರುವುದು ಅನುಸ್ವಾರವಲ್ಲ, ಅಂಕಿ ಸೊನ್ನೆ. ಬಹಳಷ್ಟು ಅಕ್ಷರರೂಪಗಳಲ್ಲಿ ವ್ಯತ್ಯಾಸ ಕಾಣುವುದೇ ಇಲ್ಲ. ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಲ್ಲಿ ಎಲ್ಲೋ ಹೋಗಿ ಕೂರುತ್ತದೆ. ಜಾಲತಾಣಗಳಿಂದ ನಕಲು ಮಾಡಿ ತಂದ ಶೀರ್ಷಿಕೆಗಳಲ್ಲಿ ಇದು ಧಾರಾಳ.

ಇನ್ನೊಂದು, ಕಾಣದ ಅಕ್ಷರ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟ ಮತ್ತು ವ ಒತ್ತಾಗದಂತೆ ತಡೆಯಲು ನಡುವೆ ಒಂದು ಗುಪ್ತ ಚಿಹ್ನೆ ಹಾಕುತ್ತೇವೆ. ಅಲ್ಲಿ ಅದು ಬೇಕೇ ಬೇಕು. ಆದರೆ ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ ಪದದ ಕೊನೆಯ ಅರ್ಧಾಕ್ಷರದ ಬಾಲಕ್ಕೂ ಇದು ಅಂಟಿಕೊಂಡು ಬರುವುದುಂಟು. ‘ಆಚಾರ್’ ಎಂದು ಮುಗಿಯುವ ಹೆಸರಿನ ಕೊನೆಗೆ ಈ ಚಿಹ್ನೆ ಇದ್ದರೂ ಇಲ್ಲದಿದ್ದರೂ ಕಾಣುವುದು ಒಂದೇ ಥರ. ಜೊಟೆರೊ ಮಾತ್ರ ಅವರನ್ನು ಇಬ್ಬರು ಎಂದು ಎಣಿಸುತ್ತದೆ. ಹಾಗಾಗಿಯೇ ಒಂದೇ ವರ್ಷದ ಎರಡು ಪುಸ್ತಕಕ್ಕೆ ಇಸವಿಯ ಪಕ್ಕ ಎ, ಬಿ ಎಂಬ ಇಂಗ್ಲಿಷ್ ಅಕ್ಷರದ ಗುರುತು ಬೀಳುವುದಿಲ್ಲ, ಅದೇ ಲೇಖಕರ ಮುಂದಿನ ನಮೂದಿಗೆ ಹೆಸರಿನ ಬದಲು ಬರಬೇಕಾದ ಗೆರೆಯೂ ಬರುವುದಿಲ್ಲ.

ಮೂರನೆಯದು ಓತ್ವ, ಏತ್ವದಂಥ ಸ್ವರಚಿಹ್ನೆಗಳು. ‘ೋ’ ಎಂಬುದನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬು, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಯೂನಿಕೋಡ್ ನಿಯಮದ ಪ್ರಕಾರ ಎರಡೂ ಸಮಾನ. ಆದರೆ ಎರಡನ್ನೂ ಒಂದೇ ರೂಪಕ್ಕೆ ತರದೆ ಹೋಲಿಸುವ ತಂತ್ರಾಂಶಕ್ಕೆ ಅವು ಬೇರೆಯೇ.

ಶಾಲ್ಮಲಾ ಅವರೇ, ನಿಮ್ಮ ಆ ಲೇಖಕರ ಎರಡೂ ನಮೂದನ್ನು ಆಯ್ದು ಎಕ್ಸ್‌ಪೋರ್ಟ್ ಮಾಡಿ, ಆ ಫೈಲನ್ನು ವಿಎಸ್ ಕೋಡ್ ಎಂಬ ಪಠ್ಯ ತಿದ್ದುವ ತಂತ್ರಾಂಶದಲ್ಲಿ ತೆರೆಯಿರಿ. ಕಾಣದ ಅಕ್ಷರಗಳಿಗೆ ಅದು ಚೌಕ ಹಾಕಿ ತೋರಿಸುತ್ತದೆ.

ಶಾಲ್ಮಲಾ:
ಮೇಡಂ, ನೀವು ಹೇಳಿದ್ದೇ ಸರಿ. ಒಂದು ನಮೂದಿನಲ್ಲಿ ‘ಚಾರ್’ ಆದಮೇಲೆ ಹಳದಿ ಚೌಕ ಕಾಣುತ್ತಿದೆ, ಇನ್ನೊಂದರಲ್ಲಿ ಇಲ್ಲ. ಸೊನ್ನೆಯಂತೂ ಎಷ್ಟೋ ಕಡೆ ಇದೆ. ಇಷ್ಟನ್ನೂ ಒಂದೊಂದಾಗಿ ಹೇಗೆ ತಿದ್ದಲಿ?

ತುಂಗಾತೀರ:
ಒಂದೊಂದಾಗಿ ಬೇಡ. ಟೂಲ್ಸ್ ಮೆನುವಿನ ಡೆವಲಪರ್ ಭಾಗದಲ್ಲಿ ‘ರನ್ ಜಾವಾಸ್ಕ್ರಿಪ್ಟ್’ ಎಂಬ ಕಿಟಕಿ ಇದೆ. ಆಯ್ದ ನಮೂದುಗಳ ಶೀರ್ಷಿಕೆ, ಲೇಖಕರು, ಪ್ರಕಾಶಕರು ಈ ಕ್ಷೇತ್ರಗಳನ್ನು ಓದಿ, ತಿದ್ದಿ, ಉಳಿಸುವ ನಾಲ್ಕೈದು ಸಾಲಿನ ಸ್ಕ್ರಿಪ್ಟ್ ಅಲ್ಲಿ ಓಡಿಸಬಹುದು. ನಿಮಗೆ ಖಾಸಗಿ ಸಂದೇಶದಲ್ಲಿ ಕಳಿಸಿದ್ದೇನೆ. ಅದು ಮಾಡುವ ಕೆಲಸ ಇಲ್ಲಿ ಹೇಳುತ್ತೇನೆ, ಬೇರೆಯವರು ತಮಗೆ ಬೇಕಾದಂತೆ ಬರೆದುಕೊಳ್ಳಲಿ.

ಮೊದಲು ಪಠ್ಯವನ್ನು ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತರುತ್ತದೆ. ಜಾವಾಸ್ಕ್ರಿಪ್ಟ್‌ನ ‘ನಾರ್ಮಲೈಸ್’ ಎಂಬ ಒಂದೇ ಆದೇಶ ಸಾಕು, ತುಂಡಾದ ಸ್ವರಚಿಹ್ನೆಗಳೆಲ್ಲ ಕೂಡಿಕೊಳ್ಳುತ್ತವೆ. ಆಮೇಲೆ ಕಾಣದ ಚಿಹ್ನೆಯನ್ನು ಪದದ ಕೊನೆಯಲ್ಲಿ, ಖಾಲಿ ಜಾಗ ಅಥವಾ ಅಲ್ಪವಿರಾಮದ ಮುಂಚೆ ಇದ್ದರೆ ಮಾತ್ರ ತೆಗೆಯುತ್ತದೆ. ಪದದ ನಡುವಿನದನ್ನು ಮುಟ್ಟುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ತೆಗೆದರೆ ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗುತ್ತದೆ. ಕೊನೆಗೆ, ಸೊನ್ನೆಯ ಹಿಂದೆ ಕನ್ನಡ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಅದನ್ನು ಅನುಸ್ವಾರ ಮಾಡುತ್ತದೆ. ಹಿಂದೆ ಕನ್ನಡ ಅಂಕಿ ಇದ್ದರೆ ಹಾಗೇ ಬಿಡುತ್ತದೆ, ಇಲ್ಲದಿದ್ದರೆ ‘ಸಂಪುಟ ೧೦’ ಎಂಬುದರ ಸೊನ್ನೆಯೂ ಕೆಡುತ್ತದೆ.

ಮೊದಲು ಎರಡೇ ಎರಡು ನಮೂದಿನ ಮೇಲೆ ಓಡಿಸಿ ನೋಡಿ. ಇದಕ್ಕೆ ‘ಅನ್‌ಡೂ’ ಇಲ್ಲ. ಡೇಟಾ ಫೋಲ್ಡರಿನ ನಕಲು ಕೈಯಲ್ಲಿರಲಿ.

ಓಲೆಗರಿ:
ಗ್ರಂಥಾಲಯದಲ್ಲಿ ಸೂಚೀಕರಣ ಮಾಡಿಯೇ ನಿವೃತ್ತನಾದವನು ನಾನು. ಮೇಲಿನ ಇಬ್ಬರೂ ಹೇಳಿದ್ದು ಉಪಯುಕ್ತ. ಇಸವಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ತಾಯಿ, ನೀವು ದಿನಾಂಕದ ಕ್ಷೇತ್ರದಲ್ಲಿ ‘೧೯೭೨’ ಎಂದು ಕನ್ನಡ ಅಂಕಿಯಲ್ಲಿ ಹಾಕಿದ್ದೀರಿ ಅನ್ನಿಸುತ್ತದೆ. ಜೊಟೆರೊ ಅದನ್ನು ಇಸವಿ ಎಂದು ಗುರುತಿಸುವುದಿಲ್ಲ. ಆ ಕ್ಷೇತ್ರದ ಬಲತುದಿಯಲ್ಲಿ ಬೂದುಬಣ್ಣದ ಸಣ್ಣ ಅಕ್ಷರಗಳು ಕಾಣುತ್ತವೆ: ವೈ, ಎಂ, ಡಿ. ವರ್ಷ ಅರ್ಥವಾಗಿದ್ದರೆ ‘ವೈ’ ಇರುತ್ತದೆ. ಏನೂ ಇಲ್ಲದಿದ್ದರೆ ಅರ್ಥವಾಗಿಲ್ಲವೆಂದೇ ಲೆಕ್ಕ. 1972 ಎಂದು ಹಾಕಿ ನೋಡಿ, ಕೂಡಲೇ ‘ವೈ’ ಬರುತ್ತದೆ. ಮುದ್ರಣದಲ್ಲಿ ಕನ್ನಡ ಅಂಕಿಯೇ ಬೇಕಿದ್ದರೆ ಎಲ್ಲ ಮುಗಿದ ಮೇಲೆ ಕೊನೆಯ ಪ್ರತಿಯಲ್ಲಿ ಒಟ್ಟಿಗೆ ಬದಲಾಯಿಸಿಕೊಳ್ಳಿ. ಭಂಡಾರದಲ್ಲಿ ಇರಬೇಕಾದದ್ದು ಯಂತ್ರಕ್ಕೆ ಅರ್ಥವಾಗುವ ಅಂಕಿ.

ಶಾಸನದ ಶಕವರ್ಷವನ್ನೂ ಕೆಲವರು ಇದೇ ಕ್ಷೇತ್ರದಲ್ಲಿ ತುಂಬುತ್ತಾರೆ. ಅದು ಸಲ್ಲದು. ಆ ಕ್ಷೇತ್ರ ಪುಸ್ತಕ ಪ್ರಕಟವಾದ ಇಸವಿಗೆ ಮೀಸಲು. ಶಾಸನದ ಕಾಲವನ್ನು ನೋಟ್‌ನಲ್ಲಿ ಬರೆಯಿರಿ.

ಐಎಸ್‌ಬಿಎನ್ ಹಾಕಿ ತರಿಸಿದ ಕನ್ನಡ ಪುಸ್ತಕಗಳ ಶೀರ್ಷಿಕೆ ಎಷ್ಟೋ ಸಲ ರೋಮನ್ ಲಿಪ್ಯಂತರದಲ್ಲಿ, ಮೇಲೆ ಗೆರೆ ಕೆಳಗೆ ಚುಕ್ಕಿಗಳೊಡನೆ ಬರುತ್ತದೆ. ಅಂತರ್ಜಾಲ ಆರ್ಕೈವ್‌ನಲ್ಲಿರುವ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನ್‌ಗಳಲ್ಲಂತೂ ಗೆರೆ ಚುಕ್ಕಿಯೂ ಇಲ್ಲದ ರೋಮನ್ ಹೆಸರೇ ಹೆಚ್ಚು. ಅದನ್ನು ನಂಬಬೇಡಿ. ಸ್ಕ್ಯಾನಿನ ಶೀರ್ಷಿಕೆ ಪುಟ ತೆರೆದು, ಅಲ್ಲಿ ಅಚ್ಚಾದಂತೆ ಕನ್ನಡದಲ್ಲಿ ಟೈಪಿಸಿ. ಭಾಷೆಯ ಕ್ಷೇತ್ರದಲ್ಲಿ ಕನ್ನಡದ ಎರಡಕ್ಷರದ ಸಂಕೇತ, ‘ಕೆಎನ್’, ತಪ್ಪದೆ ಹಾಕಿ. ಮುಂದೆ ಎಲ್ಲ ಕೆಲಸಕ್ಕೂ ಅದೇ ಆಧಾರ.

ಪುಟಸಂಖ್ಯೆ:
ಹೆಸರು ಅಂಟಿಕೊಳ್ಳುವ ವಿಷಯ. ಉಲ್ಲೇಖಗಳನ್ನು ರೂಪಿಸುವ ಪ್ರೊಸೆಸರ್ ಹೆಸರಿನ ಲಿಪಿ ನೋಡಿ ಕ್ರಮ ನಿರ್ಧರಿಸುತ್ತದೆ. ರೋಮನ್, ಗ್ರೀಕ್, ಸಿರಿಲಿಕ್ ಮುಂತಾದವಕ್ಕೆ ಒಂದು ದಾರಿ. ಚೀನೀ, ಜಪಾನಿ ಹೆಸರುಗಳಿಗೆ ಇನ್ನೊಂದು: ಕುಲನಾಮ ಮೊದಲು, ವ್ಯಕ್ತಿನಾಮ ಆಮೇಲೆ, ನಡುವೆ ಜಾಗವಿಲ್ಲ. ನಿಮ್ಮ ಪಟ್ಟಿಯಲ್ಲಿ ‘ರಾಮಚಂದ್ರಯ್ಯಕೆ.’ ಎಂದು ಬರುತ್ತಿರುವುದು ಈ ಎರಡನೆಯ ದಾರಿಯ ಲಕ್ಷಣ.

ಇದಕ್ಕೆ ನನ್ನ ಉತ್ತರ ಸರಳ. ಕನ್ನಡದ ಹೆಸರುಗಳನ್ನು ಎರಡು ಭಾಗ ಮಾಡಲೇಬೇಡಿ. ಹೆಸರಿನ ಪಕ್ಕದ ಸಣ್ಣ ಬಟನ್ ಒತ್ತಿದರೆ ಎರಡು ಪೆಟ್ಟಿಗೆ ಸೇರಿ ಒಂದಾಗುತ್ತದೆ. ಅದರಲ್ಲಿ ‘ರಾಮಚಂದ್ರಯ್ಯ ಕೆ.’ ಎಂದು ಪಟ್ಟಿಯಲ್ಲಿ ಬರಬೇಕಾದ ಹಾಗೆಯೇ ಬರೆಯಿರಿ. ನಮ್ಮ ಹೆಸರುಗಳಲ್ಲಿ ಕುಲನಾಮ ಯಾವುದು? ಮುಂದೆ ಊರಿನ ಹೆಸರು ಇರುವವರಿದ್ದಾರೆ, ತಂದೆಯ ಹೆಸರಿನ ಮೊದಲಕ್ಷರ ಇಟ್ಟುಕೊಂಡವರಿದ್ದಾರೆ, ಬರೀ ಕಾವ್ಯನಾಮದಿಂದಲೇ ಬರೆದವರಿದ್ದಾರೆ. ಅವರನ್ನೆಲ್ಲ ‘ಲಾಸ್ಟ್’, ‘ಫಸ್ಟ್’ ಎಂದು ಸೀಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಓಲೆಗರಿ:
ಇಲ್ಲಿ ನನ್ನ ಆಕ್ಷೇಪವಿದೆ. ಒಂದು ಪ್ರಬಂಧದ ಮಟ್ಟಿಗೆ ನೀವು ಹೇಳಿದ್ದು ನಡೆಯುತ್ತದೆ. ಆದರೆ ಡೇಟಾಬೇಸ್ ಪ್ರಬಂಧಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ನಾಳೆ ಈ ನಮೂದುಗಳನ್ನು ಬೇರೆ ತಂತ್ರಾಂಶಕ್ಕೆ ಒಯ್ದರೆ, ಅಥವಾ ಇಂಗ್ಲಿಷ್ ಪತ್ರಿಕೆಯೊಂದಕ್ಕೆ ಬರೆಯಬೇಕಾಗಿ ಬಂದರೆ, ಯಾವುದು ಇನಿಷಿಯಲ್ ಯಾವುದು ಹೆಸರು ಎಂಬ ಮಾಹಿತಿಯೇ ಇರುವುದಿಲ್ಲ. ಸೇರಿಸಿದ್ದನ್ನು ಮತ್ತೆ ಬಿಡಿಸುವುದು ಯಾವಾಗಲೂ ಕಷ್ಟ. ಇನಿಷಿಯಲ್ ಇರುವ ಹೆಸರಿಗಾದರೂ ಎರಡು ಪೆಟ್ಟಿಗೆ ಇರಲಿ. ಊರಿನ ಹೆಸರು, ಕಾವ್ಯನಾಮ ಇದ್ದವರಿಗೆ ಮಾತ್ರ ಒಂದೇ ಪೆಟ್ಟಿಗೆ.

ಪುಟಸಂಖ್ಯೆ:
ಸರ್, ನಿಮ್ಮ ಮಾತು ತತ್ತ್ವದಲ್ಲಿ ಒಪ್ಪುವಂಥದ್ದೇ. ಆದರೆ ಅಂಟಿಕೊಂಡ ಹೆಸರು ಪರೀಕ್ಷಕರ ಕಣ್ಣಿಗೆ ಬೀಳುವುದು ಇವತ್ತು. ನಾವು ಬರೆಯುವ ಕ್ರಮ ಒಂದೇ ಇದ್ದರೆ ಬಿಡಿಸುವುದೂ ಕಷ್ಟವಾಗದು: ಮೊದಲು ಹೆಸರು, ಒಂದು ಖಾಲಿ ಜಾಗ, ಆಮೇಲೆ ಚುಕ್ಕಿಯಿರುವ ಇನಿಷಿಯಲ್. ಚುಕ್ಕಿ ನೋಡಿ ಸ್ಕ್ರಿಪ್ಟ್ ಅದನ್ನು ಬೇರೆ ಮಾಡಬಲ್ಲದು. ‘ಕೆ.ವಿ.’ ಎಂದು ಒಂದು ಕಡೆ, ‘ಕೆ. ವಿ.’ ಎಂದು ಇನ್ನೊಂದು ಕಡೆ ಬರೆದರೆ ಮಾತ್ರ ಮತ್ತೆ ಇಬ್ಬರಾಗುತ್ತಾರೆ.

ಓಲೆಗರಿ:
ಹಾಗೆ ಕಟ್ಟುನಿಟ್ಟಾಗಿ ಒಂದೇ ಕ್ರಮ ಪಾಲಿಸುವುದಾದರೆ ನಾನು ತಡೆಯುವುದಿಲ್ಲ. ಕ್ರಮವನ್ನು ಒಂದು ಕಡೆ ಬರೆದಿಟ್ಟುಕೊಳ್ಳಲಿ, ಮುಂದೆ ಈ ಭಂಡಾರ ಬಳಸುವವರಿಗೂ ಗೊತ್ತಾಗಬೇಕು.

ಶಾಲ್ಮಲಾ:
ಇಬ್ಬರಿಗೂ ನಮಸ್ಕಾರ. ಸದ್ಯಕ್ಕೆ ಒಂದೇ ಪೆಟ್ಟಿಗೆ ಮಾಡುತ್ತಿದ್ದೇನೆ, ನಿಯಮವನ್ನೂ ಬರೆದಿಡುತ್ತೇನೆ. ಈಗ ಸ್ಟೈಲ್. ‘ಎಡಿಟೆಡ್ ಬೈ’, ‘ಇನ್’, ‘ಎಟ್ ಆಲ್’ ಇವೆಲ್ಲ ಕನ್ನಡದ ಸಾಲಿನ ನಡುವೆ ಇಂಗ್ಲಿಷ್‌ನಲ್ಲೇ ಬರುತ್ತವೆ. ಜೊತೆಗೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಮಾಲೆಯ ಸಂಪುಟಗಳನ್ನು ಹೇಗೆ ನಮೂದಿಸುವುದು?

ಪುಟಸಂಖ್ಯೆ:
ಸ್ಟೈಲ್ ಎಂದರೆ ಉಲ್ಲೇಖ, ಗ್ರಂಥಸೂಚಿ ಯಾವ ರೂಪದಲ್ಲಿ ಬರಬೇಕೆಂದು ಹೇಳುವ, ಸಿಎಸ್‌ಎಲ್ ಎಂಬ ಭಾಷೆಯಲ್ಲಿ ಬರೆದ ಒಂದು ಎಕ್ಸ್‌ಎಂಎಲ್ ಫೈಲ್, ಅಷ್ಟೇ. ನೋಟ್‌ಪ್ಯಾಡ್‌ನಲ್ಲೂ ತಿದ್ದಬಹುದು. ನಿಮ್ಮ ವಿಶ್ವವಿದ್ಯಾಲಯದ ಕ್ರಮಕ್ಕೆ ಹತ್ತಿರವಿರುವ ಒಂದು ಸ್ಟೈಲನ್ನು ಆಯ್ದುಕೊಂಡು ನಕಲು ಮಾಡಿ. ಮೊದಲ ಕೆಲಸ, ಫೈಲಿನ ಆರಂಭದಲ್ಲಿರುವ ಶೀರ್ಷಿಕೆ ಮತ್ತು ಐಡಿ ಎರಡನ್ನೂ ಬದಲಾಯಿಸುವುದು. ಐಡಿ ಹಳೆಯದೇ ಇದ್ದರೆ ಜೊಟೆರೊ ಸ್ಟೈಲ್‌ಗಳನ್ನು ತಾನಾಗಿ ಅಪ್‌ಡೇಟ್ ಮಾಡುವಾಗ ನೀವು ತಿದ್ದಿದ್ದರ ಮೇಲೆ ಮೂಲವನ್ನು ಬರೆದುಬಿಡುತ್ತದೆ.

ಸ್ಟೈಲ್ ಒಳಗೆ ‘ಲೊಕೇಲ್’ ಎಂಬ ಭಾಗ ಸೇರಿಸಿ ಅದರಲ್ಲಿ ಒಂದೊಂದು ಪದವನ್ನೂ ಕನ್ನಡಕ್ಕೆ ತರಬಹುದು. ಅದಕ್ಕೆ ಭಾಷೆಯ ಗುರುತು ಹಾಕದಿದ್ದರೆ ಎಲ್ಲ ಸಂದರ್ಭಕ್ಕೂ ಅನ್ವಯವಾಗುತ್ತದೆ. ನಾನು ಬಳಸುವುದು ಇವು: ಎಟ್ ಆಲ್‌ಗೆ ‘ಮತ್ತಿತರರು’, ಪುಟಕ್ಕೆ ‘ಪು.’, ಅನುವಾದಕರಿಗೆ ‘ಅನು.’, ಸಂಪಾದಕರಿಗೆ ‘ಸಂ.’, ಸಂಪುಟಕ್ಕೆ ‘ಸಂಪು.’. ಕೊನೆಯ ಎರಡನ್ನು ಎಚ್ಚರದಿಂದ ಬೇರೆ ಮಾಡಿ. ಸಂಪಾದಕ, ಸಂಪುಟ, ಸಂಚಿಕೆ, ಸಂಖ್ಯೆ ಎಲ್ಲಕ್ಕೂ ‘ಸಂ.’ ಎಂದೇ ಹಾಕಿದ ಪ್ರಬಂಧಗಳನ್ನು ಓದಿ ಆಕರ ಹುಡುಕುವುದು ದೊಡ್ಡ ಶಿಕ್ಷೆ.

ಪದ ಬದಲಿಸಿದರೆ ಸಾಲದು, ಜಾಗವನ್ನೂ ಬದಲಿಸಬೇಕು. ಇಂಗ್ಲಿಷ್‌ನಲ್ಲಿ ‘ಎಡಿಟೆಡ್ ಬೈ’ ಹೆಸರಿಗೆ ಮುಂಚೆ ಬರುತ್ತದೆ, ನಮಗೆ ‘(ಸಂ.)’ ಹೆಸರಾದ ಮೇಲೆ ಬರಬೇಕು. ಸ್ಟೈಲ್‌ನಲ್ಲಿ ‘ನೇಮ್ಸ್’ ಎಂಬ ಭಾಗದೊಳಗೆ ‘ನೇಮ್’ ಮತ್ತು ‘ಲೇಬಲ್’ ಇರುತ್ತವೆ. ಲೇಬಲ್ ಮೇಲಿದ್ದರೆ ಮೊದಲು ಬರುತ್ತದೆ, ಕೆಳಗಿದ್ದರೆ ಆಮೇಲೆ. ಆ ಸಾಲನ್ನು ಎತ್ತಿ ಕೆಳಗೆ ಇಟ್ಟರೆ ಆಯಿತು. ‘ಇನ್’ ಎಂಬುದನ್ನು ನಾನು ಪೂರ್ತಿ ತೆಗೆದುಹಾಕುತ್ತೇನೆ. ಲೇಖನದ ಹೆಸರು ಉದ್ಧರಣ ಚಿಹ್ನೆಯಲ್ಲಿ, ಗ್ರಂಥದ ಹೆಸರು ದಪ್ಪಕ್ಷರದಲ್ಲಿ ಬಂದರೆ ಯಾವುದರೊಳಗೆ ಯಾವುದು ಎಂದು ಓದುಗರಿಗೆ ತಿಳಿಯುತ್ತದೆ. ‘ಇಟಾಲಿಕ್’ ಇದ್ದ ಕಡೆಯೆಲ್ಲ ‘ಬೋಲ್ಡ್’ ಮಾಡಿ. ಕನ್ನಡ ಅಕ್ಷರರೂಪಗಳಲ್ಲಿ ಬಹುಪಾಲು ನಿಜವಾದ ಇಟಾಲಿಕ್ ಇರುವುದಿಲ್ಲ. ವರ್ಡ್ ನೆಟ್ಟಗಿನ ಅಕ್ಷರವನ್ನೇ ಬಾಗಿಸಿ ತೋರಿಸುತ್ತದೆ, ಒತ್ತಕ್ಷರಗಳು ಪಕ್ಕದ ಅಕ್ಷರಕ್ಕೆ ತಗುಲುತ್ತವೆ.

ಓಲೆಗರಿ:
ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಎರಡು ಮಾಲೆಗಳಿವೆ ಎಂಬುದನ್ನು ಮೊದಲು ಗಮನದಲ್ಲಿಡಿ. ಬಿ.ಎಲ್. ರೈಸ್ ಅವರ ಮಾಲೆ 1886ರಲ್ಲಿ ಕೊಡಗಿನ ಸಂಪುಟದಿಂದ ಆರಂಭವಾಗಿ ಹನ್ನೆರಡು ಸಂಪುಟಗಳಲ್ಲಿ ಬಂತು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಮಾಲೆ 1972ರಿಂದ ಬಂತು. ಎರಡರ ಸಂಪುಟ ಸಂಖ್ಯೆಗಳು ತಾಳೆಯಾಗುವುದಿಲ್ಲ. ರೈಸ್ ಅವರ ಐದನೆಯ ಸಂಪುಟ ಹಾಸನ ಜಿಲ್ಲೆಯದು, ಪರಿಷ್ಕೃತ ಮಾಲೆಯ ಐದನೆಯದು ಮೈಸೂರು ಜಿಲ್ಲೆಗೆ ಸೇರಿದ್ದು. ಬರೀ ‘ಎ.ಕ. 5’ ಎಂದು ಬರೆದರೆ ಹೊಯ್ಸಳರ ಶಾಸನ ಹುಡುಕಿ ಹೊರಟವರು ಬೇರೆ ಜಿಲ್ಲೆಯ ಸಂಪುಟ ತೆರೆದು ಕೂರುತ್ತಾರೆ. ಶ್ರವಣಬೆಳಗೊಳದ ಎರಡನೆಯ ಸಂಪುಟವನ್ನೇ ನೋಡಿ: ರೈಸ್ ಅವರದು 1889, ಆರ್. ನರಸಿಂಹಾಚಾರ್ ಅವರು ಪರಿಷ್ಕರಿಸಿದ್ದು 1923. ಶಾಸನಗಳ ಸಂಖ್ಯೆಯೂ ಬದಲಾಗಿದೆ.

ಆದ್ದರಿಂದ ಪ್ರತಿ ಸಂಪುಟದ ಪ್ರತಿ ಆವೃತ್ತಿಗೂ ಒಂದೊಂದು ನಮೂದು ಮಾಡಿ. ಮಾಲೆ, ಸಂಪುಟ, ಆವೃತ್ತಿ, ಸಂಪಾದಕರು ನಾಲ್ಕೂ ಕ್ಷೇತ್ರ ತುಂಬಿ. ಒಂದೊಂದು ಶಾಸನಕ್ಕೂ ಪ್ರತ್ಯೇಕ ನಮೂದು ಬೇಡ, ಭಂಡಾರ ಊದಿಕೊಳ್ಳುತ್ತದೆ.

ತುಂಗಾತೀರ:
ಶಾಸನದ ಸಂಖ್ಯೆಯನ್ನು ಉಲ್ಲೇಖ ಸೇರಿಸುವಾಗ ಲೊಕೇಟರ್‌ನಲ್ಲಿ, ಅಂದರೆ ಆಕರದೊಳಗಿನ ಜಾಗ ಸೂಚಿಸುವ ಪೆಟ್ಟಿಗೆಯಲ್ಲಿ, ಕೊಡಿ. ಅಲ್ಲಿ ಪುಟ, ಅಧ್ಯಾಯ, ಸಾಲು ಮುಂತಾದ ಆಯ್ಕೆಗಳಿವೆ, ಶಾಸನ ಎಂಬುದಿಲ್ಲ. ನೀವು ‘ಸೆಕ್ಷನ್’ ಬೇರೆಲ್ಲೂ ಬಳಸುವುದಿಲ್ಲವಾದರೆ ಸ್ಟೈಲ್‌ನ ಲೊಕೇಲ್ ಭಾಗದಲ್ಲಿ ಸೆಕ್ಷನ್ ಎಂಬುದಕ್ಕೆ ‘ಶಾ.’ ಎಂದು ಕೊಟ್ಟುಬಿಡಿ. ಲೊಕೇಟರ್‌ನಲ್ಲಿ ಸೆಕ್ಷನ್ ಆಯ್ದು ‘ಬೇಲೂರು’ ಎಂದು ತಾಲ್ಲೂಕಿನ ಹೆಸರೂ ಸಂಖ್ಯೆಯೂ ಬರೆದರೆ ಅಡಿಟಿಪ್ಪಣಿಯಲ್ಲಿ ಸರಿಯಾಗಿ ಬರುತ್ತದೆ.

ಕಡಲತಡಿ:
ನಾನು ಬರಹವನ್ನು ಅಚ್ಚಿಗೆ ಜೋಡಿಸುವ ಲೇಟೆಕ್ ತಂತ್ರಾಂಶ ಬಳಸುವವನು, ಅದರ ಬಗ್ಗೆಯೂ ಇಲ್ಲಿ ದಾಖಲಾಗಿರಲಿ ಎಂದು ಬರೆಯುತ್ತಿದ್ದೇನೆ. ಕನ್ನಡಕ್ಕೆ ಅದರ ಹಳೆಯ ಗ್ರಂಥಸೂಚಿ ಸಾಧನವಾದ ಬಿಬ್‌ಟೆಕ್ ಬೇಡ. ಅದು 1985ರ ಕಾಲದ್ದು, ಒಂದು ಅಕ್ಷರಕ್ಕೆ ಒಂದು ಬೈಟ್ ಎಂದು ನಂಬಿ ಬರೆದದ್ದು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಹೆಸರಿನ ಮೊದಲಕ್ಷರ ಮಾತ್ರ ತೆಗೆಯಲು ಹೇಳುವ ಸ್ಟೈಲ್ ಆದರೆ ಬಿಬ್‌ಟೆಕ್ ಮೂರರಲ್ಲಿ ಒಂದು ಬೈಟ್ ಕತ್ತರಿಸಿ ಕೊಡುತ್ತದೆ, ಅಲ್ಲಿ ಕಸ ಅಚ್ಚಾಗುತ್ತದೆ.

ಅಕಾರಾದಿಯೂ ತಪ್ಪುತ್ತದೆ. ಯೂನಿಕೋಡ್ ಪಟ್ಟಿಯಲ್ಲಿ ‘ಳ’ ಇರುವುದು ‘ಲ’ದ ಪಕ್ಕ, ‘ವ’ಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ‘ಳ’ ಬರುವುದು ‘ಹ’ ಆದಮೇಲೆ. ಬರೀ ಸಂಕೇತದ ಕ್ರಮದಲ್ಲಿ ಜೋಡಿಸಿದರೆ ಬಳ್ಳಾರಿ ಬಸವನಗುಡಿಗಿಂತ ಮುಂಚೆ ಬಂದುಬಿಡುತ್ತದೆ. ಅದರ ಬದಲು ಹೊಸ ಸಾಧನಗಳಾದ ಬೈಬ್‌ಲೇಟೆಕ್ ಜೊತೆ ಬೈಬರ್ ಬಳಸಿ, ‘ಸಾರ್ಟ್‌ಲೊಕೇಲ್’ ಆಯ್ಕೆಗೆ ಕನ್ನಡದ ಸಂಕೇತ ಕೊಟ್ಟರೆ ನಮ್ಮ ಕ್ರಮದಲ್ಲೇ ಜೋಡಿಸುತ್ತದೆ. ಒಡೆದ ಸ್ವರಚಿಹ್ನೆ, ಕೂಡಿದ ಸ್ವರಚಿಹ್ನೆ ಎಂಬ ಭೇದವನ್ನೂ ಅದು ಒಳಗೇ ನಿವಾರಿಸಿಕೊಳ್ಳುತ್ತದೆ. ಸೊನ್ನೆಯ ತಪ್ಪನ್ನು ಮಾತ್ರ ನೀವೇ ತಿದ್ದಬೇಕು.

ಪುಟಸಂಖ್ಯೆ ಮೇಡಂ, ಒಂದು ಪ್ರಶ್ನೆ. ಸ್ಟೈಲ್‌ನ ಪದಗಳನ್ನೆಲ್ಲ ಕನ್ನಡ ಮಾಡಿದರೆ ಇಂಗ್ಲಿಷ್ ಪುಸ್ತಕಗಳಿಗೂ ‘ಸಂ.’, ‘ಪು.’ ಎಂದೇ ಬರುವುದಿಲ್ಲವೇ? ಲೇಟೆಕ್‌ನಲ್ಲಿ ನಾನು ನಮೂದುಗಳಿಗೆ ಕೀವರ್ಡ್ ಹಾಕಿ ಕನ್ನಡದ ಪಟ್ಟಿ, ಇಂಗ್ಲಿಷ್ ಪಟ್ಟಿ ಎರಡನ್ನೂ ಬೇರೆ ಬೇರೆ ಅಚ್ಚು ಹಾಕುತ್ತೇನೆ. ಜೊಟೆರೊದಲ್ಲಿ?

ಪುಟಸಂಖ್ಯೆ:
ಬರುತ್ತದೆ. ನಮೂದಿನ ಭಾಷೆ ನೋಡಿ ಪದ ಬದಲಿಸುವ ಸೌಲಭ್ಯ ಸಾಮಾನ್ಯ ಸಿಎಸ್‌ಎಲ್‌ನಲ್ಲಿಲ್ಲ. ಜೂರಿಸ್-ಎಂ ಎಂಬ ಜೊಟೆರೊದ ಬಹುಭಾಷಾ ಕವಲಿನಲ್ಲಿ ಅಂಥ ವ್ಯವಸ್ಥೆ ಇದೆ, ಆದರೆ ಸಲ್ಲಿಕೆಯ ಹೊಸ್ತಿಲಲ್ಲಿ ತಂತ್ರಾಂಶ ಬದಲಿಸಿ ಎಂದು ನಾನು ಯಾರಿಗೂ ಹೇಳಲಾರೆ.

ನಮ್ಮ ಪತ್ರಿಕೆಯಲ್ಲಿ ಹೀಗೆ ಮಾಡುತ್ತೇವೆ. ವರ್ಡ್‌ನಲ್ಲಿ ಗ್ರಂಥಸೂಚಿ ಹಾಕಿದ ಮೇಲೆ ಅದರ ಎಡಿಟ್ ಬಟನ್ ಒತ್ತಿ ಇಂಗ್ಲಿಷ್ ನಮೂದುಗಳನ್ನು ಪಟ್ಟಿಯಿಂದ ಹೊರಗಿಡುತ್ತೇವೆ. ಬರಹದ ನಡುವಿನ ಉಲ್ಲೇಖಗಳು ಹಾಗೇ ಉಳಿಯುತ್ತವೆ, ಕೊನೆಯ ಪಟ್ಟಿಯಿಂದ ಮಾತ್ರ ಹೋಗುತ್ತವೆ. ಆ ನಮೂದುಗಳನ್ನು ಜೊಟೆರೊದಲ್ಲಿ ಒಟ್ಟಿಗೆ ಆಯ್ದು, ಬಲ ಕ್ಲಿಕ್ ಮಾಡಿ, ಇಂಗ್ಲಿಷ್ ಸ್ಟೈಲ್‌ನಲ್ಲಿ ಬೇರೆ ಪಟ್ಟಿ ತಯಾರಿಸಿ ಕೆಳಗೆ ಅಂಟಿಸುತ್ತೇವೆ. ಈ ಎರಡನೆಯ ಪಟ್ಟಿ ತಾನಾಗಿ ಅಪ್‌ಡೇಟ್ ಆಗುವುದಿಲ್ಲ, ಹಾಗಾಗಿ ಎಲ್ಲ ಮುಗಿದ ಮೇಲೆಯೇ ಮಾಡಬೇಕು. ಒಂದೇ ಪಟ್ಟಿ ಸಾಕು, ಕನ್ನಡದವು ಮೊದಲು ಬಂದರೆ ಸಾಕು ಅನ್ನುವವರು ಸ್ಟೈಲ್‌ನ ಜೋಡಣೆಯ ಭಾಗದಲ್ಲಿ ಭಾಷೆಯನ್ನು ಮೊದಲ ಕೀಲಿಯಾಗಿ, ಇಳಿಕೆ ಕ್ರಮದಲ್ಲಿ ಹಾಕಿಕೊಳ್ಳಿ. ಓಲೆಗರಿ ಸರ್ ಭಾಷೆಯ ಕ್ಷೇತ್ರ ತಪ್ಪದೆ ತುಂಬಿ ಅಂದದ್ದು ಇಲ್ಲಿ ಕೈಹಿಡಿಯುತ್ತದೆ.

ಶಾಲ್ಮಲಾ:
ಸ್ಕ್ರಿಪ್ಟ್ ಓಡಿಸಿದೆ, ಹೆಸರುಗಳನ್ನು ಒಂದೇ ಪೆಟ್ಟಿಗೆಗೆ ತಂದೆ, ಸ್ಟೈಲ್ ತಿದ್ದಿದೆ. ಇಬ್ಬರಾಗಿದ್ದ ಲೇಖಕರು ಒಬ್ಬರಾಗಿದ್ದಾರೆ, ಅವರ 1923ರ ನಮೂದು ಸರಿಯಾದ ಜಾಗಕ್ಕೆ ಬಂದಿದೆ. ರಿಫ್ರೆಶ್ ಒತ್ತಿದರೂ ಏನೂ ಕೆಡುತ್ತಿಲ್ಲ. ನಿಮ್ಮೆಲ್ಲರ ಉಪಕಾರ ಮರೆಯುವುದಿಲ್ಲ. ಇನ್ನೊಂದೇ ಉಳಿದಿದೆ: ಪ್ರಬಂಧವೆಲ್ಲ ಒಂದು ಅಕ್ಷರರೂಪದಲ್ಲಿದ್ದರೆ ಗ್ರಂಥಸೂಚಿ ಮಾತ್ರ ತುಂಗಾ ಅಕ್ಷರದಲ್ಲಿ ಬರುತ್ತದೆ. ಆಯ್ದು ಬದಲಿಸಿದರೆ ಇಂಗ್ಲಿಷ್ ಮಾತ್ರ ಬದಲಾಗುತ್ತದೆ.

ಪುಟಸಂಖ್ಯೆ:
ವರ್ಡ್ ಕನ್ನಡವನ್ನು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಗುಂಪಿನಲ್ಲಿ ಇಟ್ಟುಕೊಂಡಿದೆ, ಅದಕ್ಕೆ ಅಕ್ಷರರೂಪದ ಆಯ್ಕೆಯೇ ಬೇರೆ. ಸ್ಟೈಲ್‌ಗಳ ಪಟ್ಟಿಯಲ್ಲಿ ‘ಬಿಬ್ಲಿಯಾಗ್ರಫಿ’ ಹುಡುಕಿ. ಜೊಟೆರೊ ಪಟ್ಟಿಗೆ ಬಳಸುವುದು ಅದನ್ನೇ. ಮಾಡಿಫೈ, ಫಾರ್ಮ್ಯಾಟ್, ಫಾಂಟ್ ಎಂದು ಒಳಗೆ ಹೋದರೆ ಲ್ಯಾಟಿನ್‌ಗೆ ಒಂದು, ಕಾಂಪ್ಲೆಕ್ಸ್ ಸ್ಕ್ರಿಪ್ಟ್‌ಗೆ ಒಂದು, ಎರಡು ಪೆಟ್ಟಿಗೆ ಕಾಣುತ್ತವೆ. ಎರಡನೆಯದರಲ್ಲಿ ನಿಮ್ಮ ಅಕ್ಷರರೂಪವನ್ನೂ ಗಾತ್ರವನ್ನೂ ಹಾಕಿ. ಗಾತ್ರ ಮರೆಯಬೇಡಿ, ಅದೂ ಬೇರೆಯೇ ಇರುತ್ತದೆ. ಅಡಿಟಿಪ್ಪಣಿಗಳ ಸ್ಟೈಲ್‌ಗೂ ಹೀಗೇ ಮಾಡಿ.

ಶಾಲ್ಮಲಾ:
ಆಯಿತು ಮೇಡಂ, ಎರಡೂ ಕಡೆ ಬದಲಾಯಿತು. ತಿದ್ದಿದ ಸ್ಟೈಲ್ ಫೈಲನ್ನೂ ಹೆಸರು ಬರೆಯುವ ನಿಯಮದ ಪುಟವನ್ನೂ ಇಲ್ಲೇ ಲಗತ್ತಿಸಿದ್ದೇನೆ. ಶಾಸನದ ಮೇಲೆ ಕೆಲಸ ಮಾಡುವವರು ಐಡಿ ಬದಲಿಸಿಕೊಂಡು ಬಳಸಬಹುದು.